ಪತ್ರಿ ಗಿಡಕ್ಕೆ ಹಾಕಿದ ಹೊಲಿಗೆ

ಕೆಲವರ ಕೈಗುಣ ಹೇಗಿರುತ್ತದೆಂದರೆ, ಒಣಕಡ್ಡಿ ಊರಿದರೂ ಚಿಗುರುತ್ತದೆ. ನನ್ನ ಕೈಗುಣವೂ ಅಷ್ಟೇ ಜೋರಿನದು. ಚಿಗುರಿದ ಗಿಡವನ್ನು ಮುಟ್ಟಿದರೆ ಅದು ಒಣಕಡ್ಡಿಯಾಗುತ್ತದೆ. ಇದನ್ನು ನಾಚಿಕೆಪಟ್ಟು ಹೇಳುತ್ತಿದ್ದೇನೆಂದು ತಿಳಿಯಬೇಡಿ. ಎಪ್ಪತ್ತು ದಾಟಿದ ಮೇಲೆ ಮನುಷ್ಯ ತನ್ನ ದೋಷಗಳನ್ನೂ ಬಿರುದಿನ ಹಾಗೆ ಹೇಳಿಕೊಳ್ಳಲು ಕಲಿಯುತ್ತಾನೆ. ಅಲ್ಲದೆ ಒಂದು ಕೈಗೆ ಎಷ್ಟಂತ ಗುಣ ಇರಬೇಕು? ಈ ಕೈ ಬಸವಕಲ್ಯಾಣದಲ್ಲಿ ನಲವತ್ತೈದು ವರ್ಷ ಕತ್ತರಿ ಹಿಡಿದಿದೆ. ಕೋಟೆಯ ಕಡೆ ಹೋಗುವ ರಸ್ತೆಯಲ್ಲಿ ನನ್ನ ಟೇಲರ್ ಅಂಗಡಿ ಇತ್ತು. ಊರಿನ ಅರ್ಧ ಗಂಡಸರ ಸೊಂಟದ ಅಳತೆ, ಅದು ವರ್ಷವರ್ಷಕ್ಕೆ ಹೇಗೆ ಹಿಗ್ಗಿತು ಎಂಬುದರ ಸಮೇತ, ಇವತ್ತಿಗೂ ನನ್ನ ತಲೆಯಲ್ಲಿದೆ. ಎಷ್ಟೇ ದೊಡ್ಡ ಮನುಷ್ಯನಾದರೂ ರಸ್ತೆಯಲ್ಲಿ ನನ್ನನ್ನು ಕಂಡ ಕೂಡಲೇ ಹೊಟ್ಟೆಯನ್ನು ಒಳಗೆ ಎಳೆದುಕೊಳ್ಳುತ್ತಾನೆ. ಇಂಥ ಮರ್ಯಾದೆ ಯಾವ ಸಾಹೇಬನಿಗೆ ಸಿಕ್ಕೀತು, ನೀವೇ ಹೇಳಿ.

ಗಿಡಗಳು ಮಾತ್ರ ನನಗೆ ಮರ್ಯಾದೆ ಕೊಡಲಿಲ್ಲ. ಅಂಗಡಿಯ ಬಾಗಿಲಲ್ಲಿ ಒಂದು ಮನಿಪ್ಲಾಂಟ್ ಇಟ್ಟಿದ್ದೆ. ರಸ್ತೆಯ ಧೂಳು ಕುಳಿತು ಎಲೆಗಳು ಮಂಕಾಗಿದ್ದವು. ಗಿರಾಕಿ ಬರುವ ಜಾಗ, ಚೊಕ್ಕ ಕಾಣಲಿ ಎಂದು ಹೊಲಿಗೆ ಯಂತ್ರಕ್ಕೆ ಬಿಡುವ ಎಣ್ಣೆಯಲ್ಲಿ ಬಟ್ಟೆ ಅದ್ದಿ ಒಂದೊಂದು ಎಲೆಯನ್ನೂ ಒರೆಸಿದೆ. ಆಹಾ, ಏನು ಹೊಳಪು! ಮೂರು ದಿನ ಓಣಿಯವರೆಲ್ಲ ಈ ಪ್ಲಾಸ್ಟಿಕ್ ಗಿಡ ಎಲ್ಲಿ ತಂದಿರಿ ಎಂದು ಕೇಳಿದರು. ನಾಲ್ಕನೆಯ ದಿನದಿಂದ ಕೇಳುವುದನ್ನು ಬಿಟ್ಟರು. ಆಮೇಲೆ ಒಬ್ಬ ಗಿರಾಕಿ ಲೋಳಸರದ ಕುಂಡ ತಂದುಕೊಟ್ಟು, ಇದು ಏನು ಮಾಡಿದರೂ ಸಾಯುವುದಿಲ್ಲ ಮಾಸ್ತರ್ ಎಂದ. ಆ ದಪ್ಪ ಎಲೆ ಸೂಜಿ ಚುಚ್ಚಿಡಲು ಎಷ್ಟು ಅನುಕೂಲ ಎಂಬುದು ಟೇಲರನಿಗೇ ಗೊತ್ತು. ಏನು ಮಾಡಿದರೂ ಎಂದಾಗ ಅವನು ನನ್ನನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲವೆಂದು ಕಾಣುತ್ತದೆ.

ಆದ್ದರಿಂದ ನನ್ನ ಹೆಂಡತಿ ನೀಲಮ್ಮ ನಾಲ್ಕು ವರ್ಷದ ಹಿಂದೆ ಅಂಗಳದಲ್ಲಿ ಬಿಲ್ವಪತ್ರೆಯ ಸಸಿ ಇಟ್ಟಾಗ, ಮೊದಲು ಮಾಡಿದ ಕೆಲಸವೆಂದರೆ ನನ್ನ ಕುರ್ಚಿಯನ್ನು ಅಲ್ಲಿಂದ ಎತ್ತಿ ಆಚೆ ಹಾಕಿದ್ದು. ನಮ್ಮ ಕಡೆ ಅದಕ್ಕೆ ಪತ್ರಿ ಗಿಡ ಎನ್ನುತ್ತೇವೆ. ಅವಳ ತವರು ಹುಮನಾಬಾದ್. ಅಲ್ಲಿ ಅವರ ಮನೆಯ ಮುಂದೆ ಅವಳ ಅವ್ವ ನೆಟ್ಟ ದೊಡ್ಡ ಪತ್ರಿ ಮರವಿತ್ತು. ರಸ್ತೆ ಅಗಲ ಮಾಡುವಾಗ ಅದು ಹೋಯಿತು. ಕಡಿದ ದಿನ ನಾವು ಅಲ್ಲೇ ಇದ್ದೆವು. ಅವ್ವ ತೀರಿಹೋದಾಗಲೂ ಇವಳು ಅಷ್ಟು ಸುಮ್ಮನಾಗಿರಲಿಲ್ಲ. ಬಿದ್ದ ಕೊಂಬೆಗಳ ನಡುವೆ ಹೋಗಿ ಒಂದು ಕಾಯಿ ಆರಿಸಿ ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ಅದರ ಬೀಜಗಳನ್ನೆಲ್ಲ ಊರಿದಳು, ಮೂರು ಮೊಳಕೆ ಒಡೆದವು, ಬದುಕಿದ್ದು ಒಂದೇ. ಅದು ಈಗ ಸೊಂಟದೆತ್ತರ ಬೆಳೆದಿತ್ತು. ದಿನಾ ಬೆಳಿಗ್ಗೆ ಲಿಂಗಪೂಜೆಗೆ ಅದರಿಂದ ಒಂದೇ ಒಂದು ದಳ ತೆಗೆದುಕೊಳ್ಳುತ್ತಾಳೆ. ಎರಡು ತೆಗೆದರೆ ಸಣ್ಣ ಗಿಡಕ್ಕೆ ಭಾರವಾದೀತಂತೆ. ನನಗೆ ಎರಡನೆಯ ರೊಟ್ಟಿ ಹಾಕುವಾಗಲೂ ಅವಳು ಇಷ್ಟು ಯೋಚಿಸಿದ್ದನ್ನು ನಾನು ಕಂಡಿಲ್ಲ.

ಕಳೆದ ಶಿವರಾತ್ರಿ ಮುಗಿದ ವಾರಕ್ಕೆ ಹುಮನಾಬಾದಿನಲ್ಲಿರುವ ಅವಳ ತಂಗಿಗೆ ಕಣ್ಣಿನ ಆಪರೇಷನ್ ಆಯಿತು. ಹದಿನೈದು ದಿನ ನೋಡಿಕೊಳ್ಳಲು ಇವಳು ಹೊರಟಳು. ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯುದ್ದಕ್ಕೂ ನನಗೆ ಪಾಠ.

“ದಿನಾ ತಪ್ಪದಂಗ ಪೂಜಿ ಮಾಡ್ರಿ. ಪೂಜಿ ನೀರು ಮೋರಿಗಿ ಚೆಲ್ಲಬ್ಯಾಡ್ರಿ, ಪತ್ರಿ ಬುಡಕ್ಕ ಹಾಕ್ರಿ. ಅಷ್ಟ ಸಾಕು. ಬ್ಯಾರೆ ಏನೂ ಮಾಡ್ಲಿಕ್ಕಿ ಹೋಗಬ್ಯಾಡ್ರಿ.”

“ಏನೂ ಮಾಡದೆ ಇರೋದು ನನಗ ಹೇಳ್ಕೊಡ್ಬೇಕೇನು?”

“ನೀವು ಏನೂ ಮಾಡದೆ ಕುಂತದ್ದು ನಾ ಇನ್ನಾ ನೋಡಿಲ್ಲರಿ.”

ಅವಳು ಹೇಳಿದ್ದರಲ್ಲಿ ಸುಳ್ಳಿಲ್ಲ. ಬಸ್ಸು ಹೊರಡುವ ಹೊತ್ತಿಗೆ ನಾನು ಕಂಡಕ್ಟರನನ್ನು ಪಕ್ಕಕ್ಕೆ ಕರೆದು, ಮುಖ ಗಂಭೀರ ಮಾಡಿಕೊಂಡು, “ಸಾಹೇಬ್ರ, ಮೂರನೇ ಸೀಟಿನ ಅಕ್ಕೋರ ಚೀಲದಾಗ ಹುಂಜ ಅದ, ಅದಕ್ಕೂ ಟಿಕೇಟ ಹರೀರಿ” ಎನ್ನುತ್ತಿದ್ದೆ. ಉಳ್ಳಾಗಡ್ಡಿಯನ್ನೂ ಸೋಮವಾರ ಮುಟ್ಟದ ಹೆಂಗಸಿನ ಚೀಲದಲ್ಲಿ ಹುಂಜ! ಅಷ್ಟರಲ್ಲಿ ಅವಳು ಕಿಟಕಿಯಿಂದ ತಲೆ ಹೊರಹಾಕಿ ಗಿಡದ ಬಗ್ಗೆ ಮತ್ತೇನೋ ಒಂದು ಮಾತು ಹೇಳಿದಳು. ನನ್ನ ಕಿವಿಯೆಲ್ಲ ಕಂಡಕ್ಟರನ ಮೇಲಿತ್ತು. ಹೂಂ ಹೂಂ ಎಂದು ಕೈ ಆಡಿಸಿಬಿಟ್ಟೆ. ಆ ಮಾತನ್ನು ನೆನಪಿಟ್ಟುಕೊಳ್ಳಿ. ನಾನಂತೂ ಇಟ್ಟುಕೊಳ್ಳಲಿಲ್ಲ.

ಮೊದಲ ಮೂರು ದಿನ ಎಲ್ಲ ಸರಿಯಾಗಿತ್ತು. ಚಳಿ ಹೋಯಿತೆಂದು ಊರೆಲ್ಲ ಹೇಳುತ್ತಿತ್ತು, ಆದರೆ ನನ್ನ ಮೂಳೆಗಳಿಗೆ ಆ ಸುದ್ದಿ ಇನ್ನೂ ತಲುಪಿರಲಿಲ್ಲ. ಲಿಂಗಪೂಜೆ ಎಂದರೆ ಲಿಂಗ ಎಡಗೈ ಮೇಲಿರುತ್ತದೆ. ಮೇಲಿನಿಂದ ನೀರು ಬಿಟ್ಟರೆ ಮಜ್ಜನ ಶಿವನಿಗೂ ಆಗುತ್ತದೆ, ನನ್ನ ಅಂಗೈಗೂ ಆಗುತ್ತದೆ. ಅವನು ಹಿಮದಲ್ಲಿ ಕುಳಿತು ರೂಢಿಯಾದವನು. ನನ್ನ ಅಂಗೈಗೆ ಆ ರೂಢಿಯಿಲ್ಲ. ನಾಲ್ಕನೆಯ ದಿನ ಒಲೆಯ ಮೇಲೆ ಒಂದು ದೊಡ್ಡ ತಪೇಲಿ ನೀರಿಟ್ಟು, ಉಗುರುಬೆಚ್ಚಗಾದ ಕೂಡಲೇ ಒಂದು ತಂಬಿಗೆ ತೆಗೆದುಕೊಂಡು ಪೂಜೆಗೆ ಕುಳಿತೆ. ಏನು ಸುಖ, ಏನು ಏಕಾಗ್ರತೆ! ನಲವತ್ತು ವರ್ಷದಲ್ಲಿ ಅಂಥ ಪೂಜೆ ಮಾಡಿರಲಿಲ್ಲ. ಸುಖ ಎಷ್ಟಾಯಿತೆಂದರೆ ತಪೇಲಿಯ ಕೆಳಗೆ ಉರಿ ಹಾಗೇ ಇದೆ ಎಂಬುದು ಮರೆತೇಹೋಯಿತು.

ಎದ್ದು ಅಂಗಳಕ್ಕೆ ಬಂದು ತಂಬಿಗೆಯ ನೀರನ್ನು ಗಿಡಕ್ಕೆ ಹಾಕಿದೆ. ಪಾಪ, ಇಬ್ಬನಿಯಲ್ಲಿ ನೆನೆದು ನಿಂತಿತ್ತು. ನನಗೇ ಇಷ್ಟು ಚಳಿಯಾದರೆ ಬರಿಮೈಯಲ್ಲಿ ಹೊರಗೆ ನಿಂತ ಇದರ ಗತಿ ಏನು ಎಂದು ಕರುಳು ಚುರ್ ಎಂದಿತು. ಉಳಿದ ಬೆಚ್ಚನೆಯ ನೀರನ್ನೂ ಇದಕ್ಕೇ ಕೊಡೋಣ ಎಂದು ಒಳಗೆ ಹೋಗಿ ತಪೇಲಿ ತಂದೆ. ನಾನು ಹುಡುಗಾಟದವನು ನಿಜ, ಬುದ್ಧಿಗೇಡಿ ಅಲ್ಲ. ಸುರಿಯುವ ಮೊದಲು ಬೆರಳದ್ದಿ ನೋಡಿದೆ. ಹದವಾಗಿದೆ ಅನ್ನಿಸಿತು. ಆದರೆ ಅದು ಎಂಥ ಬೆರಳು? ನಲವತ್ತೈದು ವರ್ಷ ಇದ್ದಿಲಿನ ಇಸ್ತ್ರಿ ಪೆಟ್ಟಿಗೆ ಕಾದಿದೆಯೋ ಇಲ್ಲವೋ ಎಂದು ಉಗುಳು ಹಚ್ಚಿ ಮುಟ್ಟಿ ನೋಡಿದ ಬೆರಳು! ಅದಕ್ಕೆ ಬಿಸಿ ತಂಪು ಎಂಬ ಭೇದಭಾವ ಎಂದೋ ಹೋಗಿದೆ. ತಪೇಲಿ ಬಗ್ಗಿಸಿದೆ. ಬುಡದಿಂದ ಬುಸ್ಸೆಂದು ಉಗಿ ಎದ್ದಿತು. ಹಸಿಮಣ್ಣು ಬೆಂದ ವಾಸನೆ ಬಂತು. ಒಂದು ಎರೆಹುಳು ಮೇಲೆ ಬಂದು ನನ್ನನ್ನು ನೋಡಿ ಅಲ್ಲೇ ಕಣ್ಣುಮುಚ್ಚಿತು.

ಎರಡು ದಿನಕ್ಕೆ ಎಲೆಗಳು ಹಳದಿಯಾದವು. ಮೂರನೆಯ ದಿನ ಉದುರಲು ಶುರು. ನಾನು ಓಡಿದ್ದು ಇಸ್ಮಾಯಿಲನ ಮನೆಗೆ. ಅವನು ಬಾಲ್ಯದ ದೋಸ್ತ, ಮಾಳಿಗೆಯ ತುಂಬ ಗುಲಾಬಿ ಬೆಳೆದವನು. ನಮ್ಮ ನಡುವೆ ಒಂದು ಹಳೆಯ ವಿಷಯವಿದೆ. ಅವನ ಮದುವೆಯ ಶೇರ್ವಾನಿ ಹೊಲಿದವನು ನಾನೇ. ಹೊಲಿಗೆ ಅಂದರೆ ಹೊಲಿಗೆ, ಇಂದಿಗೂ ಜನ ಹೊಗಳುತ್ತಾರೆ. ಜೇಬುಗಳ ಬಾಯಿಯನ್ನೂ ಸೇರಿಸಿ ಹೊಲಿದಿದ್ದೆ. ನಿಕಾಹದಲ್ಲಿ ಬೆವರು ಒರೆಸಿಕೊಳ್ಳಲು ಕರವಸ್ತ್ರಕ್ಕೆ ಕೈ ಹಾಕಿದವನು ಎರಡೂ ಪಕ್ಕೆಗಳನ್ನು ತಡಕಾಡುತ್ತ, ತನ್ನನ್ನು ತಾನೇ ಕಚಗುಳಿ ಇಟ್ಟುಕೊಳ್ಳುವವನ ಹಾಗೆ ಕುಳಿತಿದ್ದ. ಪಕ್ಕದಲ್ಲಿದ್ದ ಹಿರಿಯರು ಹುಡುಗನಿಗೆ ಏನಾಯಿತೆಂದು ನೀರು ತರಿಸಿದರು.

ಇಸ್ಮಾಯಿಲ್ ಬಂದು ಗಿಡದ ಸುತ್ತ ಎರಡು ಸುತ್ತು ಹಾಕಿದ. “ಏನ್ ಕುಡಸಿದ್ರಿ ಮಾಸ್ತರ್ ಇದಕ್ಕ?” ಎಂದ.

“ಬೆಚ್ಚನ ನೀರು.”

“ಎಷ್ಟ ಬೆಚ್ಚಗ?”

“ಸ್ವಲ್ಪ ಚಾಪತ್ತಿ ಹಾಕಿದ್ರ ಚಹಾ ಆಗ್ತಿತ್ತು.”

ಅವನು ತಲೆ ತಗ್ಗಿಸಿ ಬಹಳ ಹೊತ್ತು ಗಡ್ಡ ಸವರಿಕೊಂಡ. ದುಃಖದಿಂದ ಎಂದು ನಾನು ತಿಳಿದೆ. ಆಮೇಲೆ ಕೊಂಬೆಯ ತೊಗಟೆಯನ್ನು ಉಗುರಿನಿಂದ ಮೆಲ್ಲಗೆ ಕೆರೆದು ತೋರಿಸಿ, “ನೋಡ್ರಿ, ಒಳಗ ಹಸರ ಅದ. ಜಾನ್ ಅದ ಇನ್ನಾ. ಸಬರ್ ಮಾಡ್ರಿ, ಬರ್ತದ” ಎಂದ.

ಸಬರ್ ಎಂದರೆ ತಾಳ್ಮೆ. ನನ್ನ ಅಂಗಡಿಯಲ್ಲಿ ಅದು ಗಿರಾಕಿಗಳ ಕೆಲಸವಾಗಿತ್ತು, ನನ್ನದಲ್ಲ. ಮರುದಿನ ಬೆಳಿಗ್ಗೆ ಎದ್ದವನೇ ಒಂದು ಕಡೆ ಕೆರೆದು ನೋಡಿದೆ. ಹಸಿರಿತ್ತು, ಸಮಾಧಾನವಾಯಿತು. ಮಧ್ಯಾಹ್ನ ಊಟದ ಮೇಲೆ ಇನ್ನೊಂದು ಕಡೆ ಕೆರೆದೆ. ಸಂಜೆ ಚಹಾ ಕುಡಿದು ಮತ್ತೊಂದು ಕಡೆ. ಮೂರು ದಿನಕ್ಕೆ ಇಸ್ಮಾಯಿಲ್ ಬಂದು ನೋಡಿ, “ಏ ಮಾರಾಯಾ, ಬಿಸಿನೀರಿಗೆ ಸಾಯಲಾರದ್ದು ನಿಮ್ಮ ಉಗುರಿಗೆ ಸಾಯ್ತದಲ್ಲ!” ಎಂದು ಕೂಗಿದ. ಆವತ್ತೇ ಉಗುರು ಕತ್ತರಿಸಿಕೊಂಡೆ. ಕೆರೆಯಲಾಗದೆ ಗಿಡದ ಮುಂದೆ ಕುರ್ಚಿ ಹಾಕಿ ಸುಮ್ಮನೆ ಕುಳಿತೆ. ಎಲೆ ಉದುರುತ್ತಲೇ ಇತ್ತು. ಒಂದೊಂದು ಬಿದ್ದಾಗಲೂ ಕಡಿದ ಮರದ ಕೊಂಬೆಗಳ ನಡುವೆ ಬಗ್ಗಿ ಕಾಯಿ ಹುಡುಕುತ್ತಿದ್ದ ನೀಲಮ್ಮನ ಬೆನ್ನು ಕಣ್ಣಮುಂದೆ ಬರುತ್ತಿತ್ತು. ಜನರ ಜೇಬು ಹೊಲಿಯಬಹುದು, ತೋಳು ಹೊಲಿಯಬಹುದು, ಬಿಚ್ಚಿಕೊಟ್ಟರೆ ನಗುತ್ತಾರೆ. ಇದನ್ನು ಹೇಗೆ ಬಿಚ್ಚಿಕೊಡುವುದು? ಅವ್ವನ ಗಿಡ ಬೇಯಿಸಿದೆ ಎಂದು ಯಾವ ಬಾಯಿಂದ ಹೇಳುವುದು? ಯಾರೂ ಇಲ್ಲದ್ದು ನೋಡಿಕೊಂಡು, “ತಪ್ಪಾತವ್ವ, ಚಿಗುರು” ಎಂದು ಗಿಡಕ್ಕೆ ಕೈಮುಗಿದದ್ದೂ ಉಂಟು. ಇದನ್ನು ನೀವು ಯಾರಿಗೂ ಹೇಳಬೇಡಿ.

ಹದಿನಾಲ್ಕನೆಯ ದಿನ ಫೋನ್ ಬಂತು. “ನಾಳಿ ಬರಾಕತ್ತೀನಿ. ಗಿಡ ಹ್ಯಾಂಗದ?”

“ನಿಂತದ” ಎಂದೆ. ಸುಳ್ಳು ಹೇಳಲಿಲ್ಲ. ಒಂದೂ ಎಲೆಯಿಲ್ಲದೆ ನಿಂತಿತ್ತು.

ಫೋನ್ ಇಟ್ಟ ಮೇಲೆ ನನ್ನೊಳಗಿನ ಹಳೆಯ ಟೇಲರ್ ಎದ್ದು ಕುಳಿತ. ಹರಿದದ್ದನ್ನು ಹೊಲಿಯುವುದಲ್ಲವೇ ನಮ್ಮ ಕಸುಬು? ಗುಡಿಯ ಮುಂದೆ ಹೂವು ಪತ್ರಿ ಮಾರುವ ನಾಗಮ್ಮನ ಬಳಿ ಹೋಗಿ ಎರಡು ಬುಟ್ಟಿ ಪತ್ರಿ ಕೇಳಿದೆ. ಅವಳು ಬಾಯಿ ತೆರೆದಳು. “ಎರಡ ಬುಟ್ಟಿ? ಈ ದಿನದಾಗ ಪತ್ರಿ ಎಲ್ಲಿ ಸಿಗ್ತಾವರಿ ಕಾಕಾ? ಇವೇ ಕೊಡಂಬಲ ಕಡಿಂದ ಹುಡುಕ್ಯಾಡಿ ತರಸೀನಿ.” ಅವಳು ಯಾಕೆ ಹಾಗೆಂದಳೆಂದು ಯೋಚಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಇದ್ದಷ್ಟನ್ನೂ ಬಾಚಿಕೊಂಡು ಬಂದೆ.

ಮರುದಿನ, ಅವಳು ಬರುವ ಬೆಳಿಗ್ಗೆ, ಹಸಿರು ದಾರದ ಉಂಡೆ, ಸಣ್ಣ ಸೂಜಿ, ಕನ್ನಡಕ ಹಿಡಿದು ಗಿಡದ ಮುಂದೆ ಕುಳಿತೆ. ಪತ್ರಿ ಗಿಡಕ್ಕೆ ಬೆರಳುದ್ದದ ಮುಳ್ಳು. ಎಂಥೆಂಥ ಗಿರಾಕಿಗಳ ಅಳತೆ ತೆಗೆದಿದ್ದೇನೆ, ಇಷ್ಟು ಚುಚ್ಚುವವರನ್ನು ಕಂಡಿರಲಿಲ್ಲ. ಒಂದೊಂದು ದಳದ ತೊಟ್ಟನ್ನೂ ಕೊಂಬೆಗೆ ಒತ್ತಿ, ದಾರ ಎರಡು ಸುತ್ತು ಸುತ್ತಿ, ಒಳಗಂಟು ಹಾಕಿ ತುದಿ ಮರೆಸುವುದು. ಹೀಗೆ ಅರವತ್ತು ದಳ. ಮುಗಿಸಿ ಹಿಂದೆ ಸರಿದು ನೋಡಿದೆ. ನಿಜವಾಗಿ ಹೇಳುತ್ತೇನೆ, ದೇವರು ಮಾಡಿದ್ದಕ್ಕಿಂತ ಫಿಟ್ಟಿಂಗ್ ಚೆನ್ನಾಗಿತ್ತು. ಅವನು ಎಲೆಗಳನ್ನು ಅಲ್ಲಲ್ಲಿ ದಟ್ಟ, ಅಲ್ಲಲ್ಲಿ ವಿರಳ ಬಿಡುತ್ತಾನೆ. ನನ್ನದು ಎಲ್ಲ ಕಡೆ ಸಮ.

ನೀಲಮ್ಮ ಬಂದಳು. ಚೀಲವನ್ನು ಬಾಗಿಲಲ್ಲೇ ಇಟ್ಟು ನೇರ ಗಿಡದ ಬಳಿ ಹೋದಳು. ನನ್ನ ಎದೆ ಹಳೆಯ ಯಂತ್ರದ ಹಾಗೆ ಟಕಟಕ ಎನ್ನುತ್ತಿತ್ತು. ಅವಳು ಸೊಂಟದ ಮೇಲೆ ಕೈಯಿಟ್ಟು ನೋಡಿದಳು. “ಅಯ್ಯ ಶಿವನ! ಎಷ್ಟ ಹಸರ ಅದಲ್ಲ! ನಿಮ್ಮ ಕೈಗುಣ ಇಷ್ಟ ಚಲೋ ಅದ ಅಂತ ನನಗ ಗೊತ್ತೇ ಇರ್ಲಿಲ್ಲರಿ.”

“ಗಿಡಕ್ಕ ಪ್ರೀತಿ ಬೇಕಲಾ, ಪ್ರೀತಿ” ಎಂದೆ. ಮೀಸೆ ಇದ್ದಿದ್ದರೆ ತಿರುವಿಕೊಳ್ಳುತ್ತಿದ್ದೆ.

ಸ್ನಾನ ಮಾಡಿ ಪೂಜೆಗೆ ಪತ್ರಿ ತೆಗೆಯಲು ಬಂದವಳು ಒಂದು ದಳ ಹಿಡಿದು, ಬಿಟ್ಟು, ನನ್ನ ಕಡೆ ತಿರುಗಿದಳು. “ರೀ, ನಿಮ್ಮ ಸಣ್ಣ ಕತ್ತರಿ ಕೊಡ್ರಿ. ಕೈಲಿ ಹರದ್ರ ಪಾಪ ಗಿಡಕ್ಕ ನೋವಾಗ್ತದ.” ಎಂಥ ಕೋಮಲ ಹೃದಯ ಎಂದು ಒಳಗಿಂದ ತಂದುಕೊಟ್ಟೆ. “ಈ ಸಲ ಗಿಡ ತುಂಬ ಅದ. ಐದ ತಗೋತೀನಿ” ಎಂದು ಐದು ಕತ್ತರಿಸಿದಳು.

ಕಷ್ಟ ಶುರುವಾದದ್ದು ಮರುದಿನ. ಹೊಲಿದ ಎಲೆ ಒಂದೇ ದಿನಕ್ಕೆ ಮುದುಡುತ್ತದೆ ಎಂಬ ಸಂಗತಿ ನನ್ನ ಯೋಜನೆಯಲ್ಲಿರಲಿಲ್ಲ. ಹಕ್ಕಿ ಏಳುವ ಮೊದಲೇ ಎದ್ದು, ಮುದುಡಿದವನ್ನು ಬಿಚ್ಚಿ, ಹೊಸದು ಹೊಲಿದೆ. ಅವಳು ಹನ್ನೊಂದು ಕತ್ತರಿಸಿದಳು. ಅದರ ಮರುದಿನ ಇಪ್ಪತ್ತೊಂದು. ದಿನಕ್ಕೊಂದೇ ದಳ ಎನ್ನುತ್ತಿದ್ದ ಹೆಂಗಸು ಅಕ್ಕಪಕ್ಕದವರನ್ನು ಕರೆದು ಹಂಚತೊಡಗಿದಳು. “ತಗೋರಿ, ತಗೋರಿ. ನಮ್ಮ ಮನಿಯವ್ರು ಬೆಳಸ್ಯಾರ.” ಹೆಂಗಸರು ನನ್ನನ್ನು ಬಹಳ ಭಕ್ತಿಯಿಂದ ನೋಡಿದರು. ನಲವತ್ತೈದು ವರ್ಷದಲ್ಲಿ ಮದುವೆ ಸೀಸನ್ನಿನಲ್ಲೂ ನಾನು ಅಷ್ಟು ದುಡಿದವನಲ್ಲ. ಬೆರಳುಗಳ ತುಂಬ ಮುಳ್ಳಿನ ಗಾಯ. ನೀಲಮ್ಮ ಅವನ್ನು ನೋಡಿ, “ಏನಾಗ್ಯಾದರಿ ಕೈಗಿ?” ಎನ್ನುವಳು. “ಸೊಳ್ಳಿ” ಎನ್ನುವೆ. “ಭಾಳ ದೊಡ್ಡ ಸೊಳ್ಳಿ ಅವ ನೋಡ್ರಿ” ಎಂದು ಅರಿಸಿನ ಹಚ್ಚುವಳು.

ಭಾನುವಾರ ರೊಟ್ಟಿ ಬಡಿಯುತ್ತ ಅಂದಳು, “ನಾಳಿ ಸೋಮವಾರ. ಅವ್ವನ ಹೆಸರಲೆ ನೂರಾ ಎಂಟ ಪತ್ರಿ ಏರಸ್ತೀನಿ. ಗಿಡಾನೂ ಕೊಡ್ತದ.”

ತಿನ್ನುತ್ತಿದ್ದ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ. ನಾಗಮ್ಮನ ಬಳಿ ಓಡಿದೆ. “ಕಾಕಾ, ಊರಾಗಿನ ಪತ್ರಿ ಎಲ್ಲಾ ನೀವೇ ಒಯ್ದೀರಿ, ಒಂದೂ ಇಲ್ಲ” ಎಂದು ಬರಿ ಬುಟ್ಟಿ ಬೋರಲು ಹಾಕಿ ತೋರಿಸಿದಳು.

ಸೋಮವಾರ ಬೆಳಿಗ್ಗೆ ಬರಿಗೈಯಲ್ಲಿ ಗಿಡದ ಮುಂದೆ ಕುಳಿತೆ. ಇನ್ನು ಹೇಳಲೇಬೇಕು. ಐವತ್ತು ವರ್ಷ ಊರನ್ನು ಆಡಿಸಿದವನು ಒಂದು ಬಡ ಗಿಡದ ಎದುರು ಸೋತೆನಲ್ಲ ಎಂದು ಮುದುಡಿದ ಎಲೆಗಳನ್ನು ಬಿಚ್ಚುತ್ತಿದ್ದೆ. ತುದಿಯ ಕೊಂಬೆಯಲ್ಲಿ ಬೆರಳಿಗೆ ಮೆತ್ತಗೆ ಏನೋ ತಗುಲಿತು. ಕನ್ನಡಕ ಸರಿಮಾಡಿಕೊಂಡು ನೋಡಿದೆ. ಅಕ್ಕಿಕಾಳಿನಷ್ಟು ಕೆಂಪು. ಅದರ ಪಕ್ಕ ಇನ್ನೊಂದು, ಇದರಲ್ಲಿ ಮೂರು ಎಳೆಯ ದಳ ಮಡಚಿಕೊಂಡಿವೆ. ಕೆಂಪು ಎಲೆ ನಾನು ಯಾವಾಗ ಹೊಲಿದೆ? ದಾರ ಎಲ್ಲಿದೆ? ಹಿಡಿದು ಮೆಲ್ಲಗೆ ಎಳೆಯಹೊರಟೆ.

“ಎಳೀಬ್ಯಾಡ್ರಿ!” ಹಿಂದಿನಿಂದ ನೀಲಮ್ಮನ ದನಿ. “ಅದು ನಿಮ್ಮ ಹೊಲಿಗಿ ಅಲ್ಲ.”

ತಿರುಗಿ ನೋಡಿದರೆ ಎರಡು ಕಪ್ ಚಹಾ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

“ಯಾವಾಗ ಗೊತ್ತಾತು?” ಎಂದೆ.

“ಬಂದ ದಿನಾನ. ನಲವತ್ತ ವರ್ಷ ನಿಮ್ಮ ಕೈಲೆ ಹೊಲಿಸ್ಕೊಂಡ ಕುಪ್ಪಸ ತೊಟ್ಟೀನಿ, ನಿಮ್ಮ ಒಳಗಂಟು ನನಗ ಗುರ್ತ ಸಿಗಂಗಿಲ್ಲೇನು? ಕೈಲೆ ಎಳದ್ರ ಹರೀಲೇ ಇಲ್ಲ. ಅದಕ್ಕ ಕತ್ತರಿ ಕೇಳಿದ್ದು.”

“ನಿಮ್ಮ ಅವ್ವನ ಗಿಡ ನಾ ಬೇಯಿಸಿಬಿಟ್ಟಿದ್ನೆ ನೀಲಾ” ಎಂದು ಬಿಸಿನೀರಿನ, ಉಗುರಿನ ಕಥೆಯನ್ನೆಲ್ಲ ಹೇಳಿದೆ. ದನಿ ಸ್ವಲ್ಪ ಒಡೆಯಿತು. ಮುಳ್ಳಿನ ಗಾಯದ ಉರಿಗೆ ಇರಬೇಕು.

ಅವಳು ಚಹಾ ಕೆಳಗಿಟ್ಟು ಸೆರಗು ಬಾಯಿಗೆ ಹಿಡಿದು ನಗತೊಡಗಿದಳು. “ಪತ್ರಿ ಗಿಡ ವರ್ಷಾ ಈ ದಿನದಾಗ ಎಲಿ ಉದುರಸ್ತದರಿ! ಶಿವರಾತ್ರಿ ಮುಗದ ಮ್ಯಾಲೆ ಬೋಳಾಗಿ, ಉಗಾದಿ ಮುಂದ ಚಿಗರ್ತದ. ಹೋದ ವರ್ಷಾನೂ ಬೋಳಾಗಿತ್ತು, ಅದರ ಹಿಂದಿನ ವರ್ಷಾನೂ. ನೀವು ಒಂದಿನ ಕಣ್ಣೆತ್ತಿ ನೋಡಿದ್ರಲಾ ಗೊತ್ತಾಗೋದು. ಬಸ್ಸಿನ ಕಿಟಕ್ಯಾಗಿಂದ ನಾ ಹೇಳಿದ್ದ ಅದು. ‘ಎಲಿ ಉದುರ್ತಾವ, ಗಾಬರಿ ಆಗಬ್ಯಾಡ್ರಿ’ ಅಂತ. ನೀವು ಹುಂಜದ ಟಿಕೇಟ ತಗ್ಯಾಕತ್ತಿದ್ರಿ.”

“ಹಂಗಾದ್ರ ಬಿಸಿನೀರು ಏನೂ ಮಾಡ್ಲಿಲ್ಲ?”

“ಅದೂ ಮಾಡ್ಯಾದ. ಕೆಳಗಿನ ಆ ಕೊಂಬಿ ಒಣಗ್ಯಾದ ನೋಡ್ರಿ. ಅದು ಬಿಸಿನೀರಿಂದೋ ನಿಮ್ಮ ಉಗುರಿಂದೋ, ಶಿವನಿಗೇ ಗೊತ್ತು.”

“ಮತ್ತ ಎಂಟ ದಿನ ಯಾಕ ಹೇಳ್ಲಿಲ್ಲ?”

ಅವಳು ಒಂದು ಗುಟುಕು ಚಹಾ ಕುಡಿದು, “ನಾಕ ವರ್ಷದಾಗ ನೀವು ಈ ಗಿಡದ ಹಂತ್ಯಾಕ ಕುಂತದ್ದ ನಾ ನೋಡಿರ್ಲಿಲ್ಲ. ಮುಂಜಾನೆದ್ದು ಕಿಟಕ್ಯಾಗ ನಿಂತ ನೋಡ್ಲಿಕ್ಕಿ ಭಾಳ ಚಂದ ಇತ್ತರಿ” ಎಂದಳು. “ನೂರಾ ಎಂಟ ಅಂದ್ರ ಬಾಯಿ ಬಿಡ್ತೀರಿ ಅಂತ ಗೊತ್ತಿತ್ತು.”

ಆ ಸಂಜೆ ಇಸ್ಮಾಯಿಲನ ಮನೆಗೆ ಹೋಗಿ ಜಗಳ ತೆಗೆದೆ. ಗಿಡಗಳ ಬಗ್ಗೆ ಅಷ್ಟು ತಿಳಿದವನಿಗೆ ಪತ್ರಿ ಎಲೆ ಉದುರಿಸುವ ಸಂಗತಿ ಗೊತ್ತಿರಲಿಲ್ಲವೇ ಎಂದು ಕೇಳಿದೆ. ಅವನು ಎರಡೂ ಕೈಗಳಿಂದ ತನ್ನ ಪಕ್ಕೆಗಳನ್ನು ತಡಕಿ ತೋರಿಸಿ, “ಶೇರ್ವಾನಿ ನೆನಪದ ಏನ್ ಮಾಸ್ತರ್?” ಎಂದ. ಆಮೇಲೆ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಅವನ ಮನೆಯ ಚಹಾ ಎರಡೆರಡು ಸಲ ಕುಡಿದೆವು. ಆವತ್ತು ಅವನು ಗಡ್ಡ ಸವರಿಕೊಂಡದ್ದು ದುಃಖದಿಂದಲ್ಲ ಎಂಬುದು ನನಗೆ ತಿಳಿದದ್ದು ಆಗಲೇ.

ಗಿಡ ಈಗ ನನ್ನ ಎದೆಯೆತ್ತರ ಬಂದಿದೆ, ಮೈತುಂಬ ಎಲೆ. ನನ್ನ ಕುರ್ಚಿಗೆ ಅದರ ಪಕ್ಕದಲ್ಲೇ ಜಾಗ ಸಿಕ್ಕಿದೆ, ತಪೇಲಿ ಹಿಡಿದು ಹತ್ತಿರ ಹೋಗಬಾರದೆಂಬ ಷರತ್ತಿನ ಮೇಲೆ. ಒಣಗಿದ ಆ ಕೆಳಕೊಂಬೆಯಲ್ಲಿ ನಾನು ಹೊಲಿದ ಒಂದು ದಳವನ್ನು ನೀಲಮ್ಮ ಹಾಗೇ ಬಿಟ್ಟಿದ್ದಾಳೆ. ಮನೆಗೆ ಬಂದವರಿಗೆಲ್ಲ ತೋರಿಸಿ ಕಥೆ ಹೇಳಿ ನಗುತ್ತಾಳೆ, ಹುಮನಾಬಾದಿನ ತಂಗಿಯಂತೂ ಹೊಸ ಕಣ್ಣಿನಿಂದ ಮೊದಲು ನೋಡಲು ಬಂದದ್ದು ಅದನ್ನೇ. ನಗಲಿ ಬಿಡಿ. ಆದರೆ ನೀವು ಬಂದರೆ ಸ್ವಲ್ಪ ಬಗ್ಗಿ ಹತ್ತಿರದಿಂದ ನೋಡಿ. ಎಲೆ ಒಣಗಿ ಹಪ್ಪಳವಾಗಿದೆ, ಒಂದು ಮಳೆಗಾಲ ಪೂರಾ ಅದರ ಮೇಲೆ ಹೋಗಿದೆ, ಗಂಟು ಮಾತ್ರ ಒಂದೆಳೆ ಸಡಿಲವಾಗಿಲ್ಲ. ಬಸವಕಲ್ಯಾಣದಲ್ಲಿ ಈಗ ಅಂಥ ಹೊಲಿಗೆ ಹಾಕುವವರು ಯಾರಿದ್ದಾರೆ, ಹೇಳಿ ನೋಡೋಣ.